ಸುತ್ತಿಗೆ ಬೀಸಲು ಎಷ್ಟು ಫ್ರೇಮ್? ಆ್ಯನಿಮೇಷನ್ ಪಾತ್ರವನ್ನು ಫೈಟಿಂಗ್ ಗೇಮ್‌ಗೆ ಇಳಿಸುವ ವಿಧಾನ

ಆ್ಯನಿಮೇಷನ್ ಚಿತ್ರಸರಣಿಯನ್ನು ಆರ್ಕೇಡ್ ಮಾದರಿಯ ಫೈಟಿಂಗ್ ಗೇಮ್ ಆಗಿಸಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ರೇಖೆ ಸೊಗಸಾಗಿರುತ್ತದೆ, ಬಣ್ಣವೂ ಒಪ್ಪವಾಗಿ ಕೂತಿರುತ್ತದೆ. ಬಟನ್ ಒತ್ತಿದರೆ ಮಾತ್ರ ಪಾತ್ರ ಸೊಂಟದಾಳದ ನೀರಿನಲ್ಲಿ ನಿಂತಂತೆ ನಿಧಾನವಾಗಿ ಕೈ ಎತ್ತುತ್ತದೆ. ಚಿತ್ರದ ಕಾಲಗತಿಯನ್ನು ಹಾಗೆಯೇ ಆಟಕ್ಕೆ ತಂದದ್ದರ ಫಲ ಅದು.

ಉದಾಹರಣೆಗೆ ನಾಲ್ಕು ಭಾಗಗಳ ಒಂದು ಕಾಲ್ಪನಿಕ ಸರಣಿಯನ್ನು ಇಟ್ಟುಕೊಳ್ಳೋಣ. ನಾಯಕಿ ಕಮ್ಮಾರನ ಮಗಳು, ಕೈಯಲ್ಲಿ ಸುತ್ತಿಗೆ. ಎದುರಾಳಿ ಕಲ್ಲಿನ ದೈತ್ಯ. ಜೊತೆಗೊಬ್ಬ ಮಂತ್ರವಾದಿ, ಮೊಲದೆತ್ತರದ ಒಂದು ತುಂಟ ಪ್ರಾಣಿ.

ಪಾತ್ರಗಳ ಆಯ್ಕೆ

ಮೊದಲು ಇಬ್ಬರನ್ನು ಮುಗಿಸಿ: ನಾಯಕಿ ಮತ್ತು ದೈತ್ಯ. ಮೊಲದೆತ್ತರದ ಪ್ರಾಣಿಯನ್ನು ಆಡುವ ಪಾತ್ರವಾಗಿ ಇಡಲೇಬೇಡಿ. ನಿಂತು ಹೊಡೆಯುವ ಏಟುಗಳೆಲ್ಲ ಅದರ ತಲೆಯ ಮೇಲೆ ಹಾದುಹೋಗುತ್ತವೆ. ಅದನ್ನು ಸರಿಪಡಿಸಲು ಉಳಿದ ಎಲ್ಲರ ಏಟುಗಳನ್ನೂ ತಿದ್ದಬೇಕಾಗುತ್ತದೆ. ಯಾರದಾದರೂ ಹೆಗಲ ಮೇಲೆ ಕೂರಿಸಿದರೆ ಸಾಕು. ದೈತ್ಯ ಚಿತ್ರದಲ್ಲಿ ನಾಯಕಿಯ ಐದು ಪಟ್ಟು ಇರಬಹುದು, ಆಟದಲ್ಲಿ ಒಂದೂಕಾಲು ಪಟ್ಟು ದಾಟಬಾರದು. ಇನ್ನೊಬ್ಬರ ಪಾತ್ರಗಳನ್ನು ಬಳಸುವುದಾದರೆ ಹಕ್ಕುದಾರರ ಅನುಮತಿ ಈ ಹಂತದಲ್ಲೇ ಸಿಗಬೇಕು.

ಅಳತೆ ಮತ್ತು ನಿಲುವು

1991ರ ಸ್ಟ್ರೀಟ್ ಫೈಟರ್ 2 ಓಡಿದ ತೆರೆಯ ಅಳತೆ 384×224 ಪಿಕ್ಸೆಲ್. ಮೊದಲ ಪ್ರಯತ್ನಕ್ಕೆ ಇಂದಿಗೂ ಇದೇ ಒಳ್ಳೆಯದು. ನಾಯಕಿಯ ಎತ್ತರ 90ರಿಂದ 100 ಪಿಕ್ಸೆಲ್ ಇರಲಿ. ಬಣ್ಣ 15, ಜೊತೆಗೆ ಪಾರದರ್ಶಕ ಹಿನ್ನೆಲೆಗೆ ಒಂದು. ದೊಡ್ಡ ಅಳತೆಯಲ್ಲಿ ಬಿಡಿಸಿ ಆಮೇಲೆ ಕುಗ್ಗಿಸುತ್ತೇವೆ ಎನ್ನುವವರು ಅಂಚುಗಳ ಮಸುಕು ಒರೆಸುವುದರಲ್ಲೇ ವಾರ ಕಳೆಯುತ್ತಾರೆ.

ಎದುರಾಳಿಯನ್ನು ದಾಟಿ ಆಚೆ ಬದಿಗೆ ಹೋದಾಗ ಪಾತ್ರದ ಚಿತ್ರ ಕನ್ನಡಿಯಂತೆ ತಿರುಗುತ್ತದೆ. ಬಲಗೈಯ ಸುತ್ತಿಗೆ ಎಡಗೈಗೆ ಹೋಗುತ್ತದೆ. ಸ್ಟ್ರೀಟ್ ಫೈಟರ್ 2ರ ಸಗಾಟ್‌ನ ಕಣ್ಣುಪಟ್ಟಿಯೂ ಹೀಗೇ ಬದಿ ಬದಲಿಸುತ್ತಿತ್ತು. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿಸಿ, ಜಡೆಯನ್ನು ಬೆನ್ನ ನಡುವೆ ಇಳಿಬಿಡಿ, ಕೆಲಸ ಮುಗಿಯಿತು. ಎರಡು ಬದಿಗೂ ಬೇರೆ ಬೇರೆ ಚಿತ್ರ ಬಿಡಿಸುವ ಆಸೆ ಬೇಡ.

ಏಟಿನ ಲೆಕ್ಕ

ಕೆಲಸ ಕೆಡುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ಆ್ಯನಿಮೇಷನ್ ಚಿತ್ರ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ; ತೆರೆ ಒಮ್ಮೆ ಹೊಸದಾಗುವ ಹೊತ್ತೇ ಒಂದು ಫ್ರೇಮ್. ಕೈಯಲ್ಲಿ ಬಿಡಿಸುವಾಗ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್. ಹಾಗಾಗಿ ಚಿತ್ರದ ಒಂದು ರೇಖಾಚಿತ್ರ ಆಟದ 5 ಫ್ರೇಮ್ ತಿನ್ನುತ್ತದೆ. ನಾಯಕಿ ಸುತ್ತಿಗೆ ಎತ್ತಲು 6 ಚಿತ್ರ, ಬೀಸಲು 2, ಸಾವರಿಸಿಕೊಳ್ಳಲು 8 ಇದ್ದರೆ ಆಟದಲ್ಲಿ 30, 10 ಮತ್ತು 40 ಫ್ರೇಮ್ ಆಯಿತು. ಬಟನ್ ಒತ್ತಿ ಅರ್ಧ ಸೆಕೆಂಡ್ ಕಳೆದ ಮೇಲೆ ಏಟು! ಅಷ್ಟರಲ್ಲಿ ಎದುರಾಳಿ ಎರಡು ಸಲ ಗುದ್ದಿರುತ್ತಾನೆ.

ಆಟದ ಪ್ರತಿ ಏಟಿಗೂ ಮೂರು ಭಾಗ. ತಗಲುವ ಮುಂಚಿನದು ಸ್ಟಾರ್ಟಪ್, ತಗಲಬಲ್ಲ ಹೊತ್ತು ಆ್ಯಕ್ಟಿವ್, ಆಮೇಲಿನದು ರಿಕವರಿ. ನಾಯಕಿಗೆ ಈ ಅಂಕಿಗಳಿಂದ ಶುರುಮಾಡಿ:

ಹಗುರ ಗುದ್ದು: 4, 3, 8. ಒಟ್ಟು 15 ಫ್ರೇಮ್, ಅಂದರೆ ಕಾಲು ಸೆಕೆಂಡ್.
ಭಾರೀ ಸುತ್ತಿಗೆ: 14, 4, 24. ಒಟ್ಟು 42.

(ಕೆಲವರು ತಗಲುವ ಮೊದಲ ಫ್ರೇಮನ್ನೂ ಸ್ಟಾರ್ಟಪ್‌ಗೆ ಸೇರಿಸಿ ಎಣಿಸುತ್ತಾರೆ. ಇಲ್ಲಿ ಸೇರಿಸಿಲ್ಲ, 4 ಎಂದರೆ ಏಟು ಬೀಳುವುದು 5ನೇ ಫ್ರೇಮಿನಲ್ಲಿ. ತಂಡದಲ್ಲಿ ಎಲ್ಲರೂ ಒಂದೇ ಲೆಕ್ಕ ಹಿಡಿಯದಿದ್ದರೆ ಪ್ರತಿ ಏಟಿನಲ್ಲೂ ಒಂದೊಂದು ಫ್ರೇಮ್ ಸೋರುತ್ತದೆ.)

ನಾಲ್ಕು ಫ್ರೇಮಿನೊಳಗೆ ಎರಡಕ್ಕಿಂತ ಹೆಚ್ಚು ಚಿತ್ರ ತುರುಕಬೇಡಿ. ಮೊದಲ ಚಿತ್ರ 2 ಫ್ರೇಮ್: ಭುಜ ಹಿಂದೆ, ಮೊಣಕೈ ಮಡಚಿದೆ. ಎರಡನೆಯದು 2 ಫ್ರೇಮ್: ಕೈ ಗೀಟಿನಂತೆ ಎಳೆದ ಮಸುಕು ಚಿತ್ರ. ಆಮೇಲೆ ಪೂರ್ತಿ ಚಾಚಿದ ಮುಷ್ಟಿ 3 ಫ್ರೇಮ್. ರಿಕವರಿಗೆ ಎರಡು ಚಿತ್ರ, ತಲಾ 4 ಫ್ರೇಮ್. ಐದು ಚಿತ್ರದಲ್ಲಿ ಗುದ್ದು ಮುಗಿಯಿತು. ನಯವಾಗಿ ಕಾಣಲೆಂದು ನಡುನಡುವೆ ಚಿತ್ರ ಸೇರಿಸುವವರು ಒಂದೋ ಏಟನ್ನು ನಿಧಾನ ಮಾಡುತ್ತಾರೆ, ಇಲ್ಲವೇ ಯಾರ ಕಣ್ಣಿಗೂ ಬೀಳದ ಚಿತ್ರಕ್ಕೆ ದುಡಿಯುತ್ತಾರೆ. ನಡುವಿನ ಚಿತ್ರಗಳನ್ನು ತಾನೇ ತುಂಬಿಕೊಡುವ ಸಾಫ್ಟ್‌ವೇರ್‌ಗಳಿಂದ ದೂರವಿರಿ. ಅವು ಮುಷ್ಟಿಯನ್ನು ಒಂದೇ ವೇಗದಲ್ಲಿ ತೇಲಿಸುತ್ತವೆ, ಏಟಿಗೆ ಬೇಕಾದ ಸಿಡಿತವೇ ಇರುವುದಿಲ್ಲ. 3ಡಿ ಮಾದರಿ ಬಳಸಿದ ಗಿಲ್ಟಿ ಗಿಯರ್ ಎಕ್ಸ್ಆರ್‌ಡಿ (2014) ಕೂಡ ಕೈಯಲ್ಲಿ ಬಿಡಿಸಿದಂತೆ ಕಾಣಲಿ ಎಂದೇ ಭಂಗಿಯಿಂದ ಭಂಗಿಗೆ ನೇರ ಜಿಗಿಯುತ್ತದೆ.

ಹಾಗಾದರೆ ಸುತ್ತಿಗೆಯ ಭಾರ ಕಾಣುವುದು ಹೇಗೆ? ಚಿತ್ರದಲ್ಲಿ ಎತ್ತುವಾಗ ತೋರಿಸಿದ್ದನ್ನು ಆಟದಲ್ಲಿ ಬಿದ್ದ ಮೇಲೆ ತೋರಿಸಿ. ಸುತ್ತಿಗೆ ನೆಲಕ್ಕೆ ಬಡಿದು ನಾಯಕಿಯನ್ನು ಮುಂದಕ್ಕೆ ಜಗ್ಗಲಿ, ಜಡೆ ಹಾರಲಿ, ಎಳೆದುಕೊಳ್ಳಲು ಆಕೆ ಒದ್ದಾಡಲಿ. ಅದಕ್ಕೆಂದೇ 24 ಫ್ರೇಮ್ ಇದೆ. ಆಡುವವರು ಈಗಾಗಲೇ ಏಟು ಕೊಟ್ಟಾಗಿದೆ, ಈ ಹೊತ್ತನ್ನು ಸಹಿಸುತ್ತಾರೆ.

ಇನ್ನು ಹಿಟ್‌ಸ್ಟಾಪ್. ಏಟು ತಗಲಿದ ಕ್ಷಣ ಇಬ್ಬರೂ ಕಲ್ಲಾಗಿ ನಿಲ್ಲಬೇಕು, ಹಗುರಕ್ಕೆ 8 ಫ್ರೇಮ್, ಭಾರೀಗೆ 12. ಇದಿಲ್ಲದಿದ್ದರೆ ಎಷ್ಟೇ ಚೆಂದ ಬಿಡಿಸಿದರೂ ಏಟು ಗಾಳಿಯಲ್ಲಿ ಹೋದಂತಿರುತ್ತದೆ. ಶಬ್ದ ಈ ನಿಲುಗಡೆಯ ಮೊದಲ ಫ್ರೇಮಿನಲ್ಲೇ ಬರಲಿ.

ಏಟು ತಿಂದವನು ಎಷ್ಟು ಹೊತ್ತು ತತ್ತರಿಸಬೇಕು? ಹಗುರ ಗುದ್ದು ಮೊದಲ ಆ್ಯಕ್ಟಿವ್ ಫ್ರೇಮಿನಲ್ಲಿ ತಗಲಿದರೆ ನಾಯಕಿಗೆ ಉಳಿಯುವುದು 2 ಕೂಡಿಸು 8, ಅಂದರೆ 10 ಫ್ರೇಮ್. ಆ ಕೂಡಲೇ ಮತ್ತೆ ಗುದ್ದಿದರೆ ಎರಡನೆಯದು ಬೀಳುವುದು 15ನೇ ಫ್ರೇಮಿನಲ್ಲಿ. ತತ್ತರಿಕೆ 15 ಇದ್ದರೆ ಎರಡೂ ಸೇರಿ ಕಾಂಬೊ, ಅಂದರೆ ನಡುವೆ ತಡೆಯಲಾಗದ ಏಟಿನ ಸರಣಿ, ಆಗುತ್ತದೆ. 14 ಇಟ್ಟರೆ ಒಂದೇ ಫ್ರೇಮಿನಿಂದ ತಪ್ಪಿ, ಎದುರಾಳಿ ಎರಡನೆಯದನ್ನು ತಡೆದುಬಿಡುತ್ತಾನೆ. ಹಿಟ್‌ಸ್ಟಾಪ್ ಇಬ್ಬರಿಗೂ ಸಮ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಆದರೆ 15 ಇಟ್ಟೊಡನೆ ಇನ್ನೊಂದು ತಲೆನೋವು: ಗುದ್ದಿದ್ದೇ ಗುದ್ದು, ಪ್ರಾಣ ಮುಗಿಯುವವರೆಗೂ ಬಿಡುಗಡೆ ಇಲ್ಲ. ಅದಕ್ಕೆ ಪ್ರತಿ ಏಟಿಗೂ ತಿಂದವನು ಹಿಂದೆ ಸರಿಯಬೇಕು, ನಾಲ್ಕನೆಯ ಗುದ್ದು ಎಟುಕದಷ್ಟು. ತೆರೆಯ ಅಂಚಿನಲ್ಲಿ ಅವನು ಸರಿಯಲಾರ, ಅಲ್ಲಿ ಹೊಡೆದವಳೇ ಹಿಂದೆ ಜಾರಬೇಕು. ಇದನ್ನು ಮರೆತ ಆಟಗಳಲ್ಲಿ ಮೂಲೆ ಸಿಕ್ಕವರೇ ಗೆಲ್ಲುತ್ತಾರೆ.

ಭಾರೀ ಸುತ್ತಿಗೆಯನ್ನು ತಡೆದಾಗ ಲೆಕ್ಕ ತಲೆಕೆಳಗಾಗಬೇಕು. ನಾಯಕಿಗೆ 27 ಫ್ರೇಮ್ ಬಾಕಿ, ತಡೆದವನ ಸ್ತಬ್ಧತೆ 17 ಇಡಿ. ಅವನಿಗೆ 10 ಫ್ರೇಮ್ ಲಾಭ, ಹಗುರ ಗುದ್ದು ನಿರಾಯಾಸವಾಗಿ ಸೇರುತ್ತದೆ. ದಂಡವಿಲ್ಲದಿದ್ದರೆ ಎಲ್ಲರೂ ಅದೊಂದೇ ಬಟನ್ ಒತ್ತುತ್ತಾರೆ. ನಿಂತೇ ತಡೆಯಬೇಕಾದ, ಮೇಲಿಂದ ಬೀಳುವ ಏಟಿಗೆ ಸ್ಟಾರ್ಟಪ್ 22ಕ್ಕಿಂತ ಕಡಿಮೆ ಬೇಡ. ಕಣ್ಣು ಕಂಡು ಕೈ ಆಡಲು ಮನುಷ್ಯರಿಗೆ ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಬೇಕು, ತೆರೆಯ ವಿಳಂಬ ಬೇರೆ.

ಪೆಟ್ಟಿಗೆಗಳು

ಆಟ ಚಿತ್ರವನ್ನು ನೋಡುವುದಿಲ್ಲ, ಕಾಣದ ಆಯತಗಳನ್ನು ನೋಡುತ್ತದೆ. ಹೊಡೆಯುವುದು ಹಿಟ್‌ಬಾಕ್ಸ್, ತಿನ್ನುವುದು ಹರ್ಟ್‌ಬಾಕ್ಸ್. ಫೈಟಿಂಗ್ ಗೇಮ್ ಕಟ್ಟಲು ಬಳಸುವ ಮ್ಯೂಜೆನ್ ಎಂಜಿನ್‌ನ ಕಡತಗಳಲ್ಲಿ ಇವಕ್ಕೆ ಕ್ಲಸನ್1, ಕ್ಲಸನ್2 ಎಂಬ ಹೆಸರು, ಬಣ್ಣ ಕೆಂಪು ಮತ್ತು ನೀಲಿ. ದೇಹಕ್ಕೆ ಎರಡು ಮೂರು ನೀಲಿ ಆಯತ ಸಾಕು. ಜಡೆ, ಬಟ್ಟೆಯ ಅಂಚು, ಮಸುಕು ಗೀಟು ಯಾವುದಕ್ಕೂ ನೀಲಿ ಬೇಡ. ಸುತ್ತಿಗೆಯ ತಲೆಗೆ ಕೆಂಪು ಇಡುವಾಗ ಚಿತ್ರಕ್ಕಿಂತ ಎರಡು ಮೂರು ಪಿಕ್ಸೆಲ್ ಉದಾರವಾಗಿರಲಿ. ತಗಲಿದಂತೆ ಕಂಡು ತಗಲದ ಏಟು ಆಡುವವರನ್ನು ಕೆರಳಿಸುವಷ್ಟು ಇನ್ನಾವುದೂ ಕೆರಳಿಸದು. ಬೀಸುವಾಗ ಮುಂಗೈಗೂ ನೀಲಿ ಇರಲಿ, ಇಲ್ಲವಾದರೆ ಉದ್ದ ಸುತ್ತಿಗೆಗೆ ಎದುರೇ ಇರುವುದಿಲ್ಲ.

ಏಟು ತಿನ್ನುವ, ಬೀಳುವ, ಏಳುವ ಚಿತ್ರಗಳನ್ನು ಕೊನೆಗೆ ತಳ್ಳಬೇಡಿ. ಮ್ಯೂಜೆನ್‌ನಲ್ಲಿ 5000ರಿಂದ ಶುರುವಾಗುವ ಸಂಖ್ಯೆಯ ಚಿತ್ರಗುಂಪು ಇವಕ್ಕೇ ಮೀಸಲು, ಒಂದು ತಪ್ಪಿದರೂ ಪಾತ್ರ ನಡುವೆ ಮಾಯವಾಗುತ್ತದೆ.

ಬಟನ್‌ಗಳು

ನಾಲ್ಕು ಸಾಕು: ಹಗುರ, ಮಧ್ಯಮ, ಭಾರೀ, ವಿಶೇಷ. ಆರು ಬಟನ್ ಸ್ಟ್ರೀಟ್ ಫೈಟರ್ ಪರಂಪರೆ. ಚಿತ್ರ ಮೆಚ್ಚಿ ಬಂದವರಿಗೆ ಅದು ಹೊರೆ. ಕೆಳಗಿಂದ ಮುಂದಕ್ಕೆ ಜಾಯ್‌ಸ್ಟಿಕ್ ಉರುಳಿಸಿ ಒತ್ತುವ ವಿಶೇಷ ಏಟಿಗೆ 12 ಫ್ರೇಮ್ ಕಾಲಾವಕಾಶ ಕೊಡಿ. ಹಿಂದಿನ ಚಲನೆ ಮುಗಿಯುವ 4 ಫ್ರೇಮ್ ಮೊದಲು ಒತ್ತಿದ್ದನ್ನೂ ನೆನಪಿಟ್ಟುಕೊಂಡು ಚಲಾಯಿಸಿ.

ಪರೀಕ್ಷೆ

ಗೇಮ್ ಮೋಡ್ ಇಲ್ಲದ ಟಿವಿಯಲ್ಲಿ ಅಂಕಿಗಳನ್ನು ತಿದ್ದಲು ಕೂರಬೇಡಿ. ಅದು ತನ್ನ ಕಡೆಯಿಂದ ಹಲವು ಫ್ರೇಮ್ ತಡಮಾಡುತ್ತದೆ, ನೀವು ಸರಿಯಾದ ಏಟನ್ನೇ ಕತ್ತರಿಸುತ್ತೀರಿ. ಅಗ್ಗದ ವೈರ್‌ಲೆಸ್ ಪ್ಯಾಡ್‌ಗಳೂ ಹಾಗೆಯೇ, ತಂತಿಯದನ್ನೇ ಬಳಸಿ. ಆಟವನ್ನು ರೆಕಾರ್ಡ್ ಮಾಡಿ ನೋಡುವುದಾದರೆ 60 ಫ್ರೇಮ್‌ನಲ್ಲೇ ಮಾಡಿ; 30ರಲ್ಲಿ ಅರ್ಧ ಫ್ರೇಮ್‌ಗಳು ನಾಪತ್ತೆ, ಎರಡೇ ಫ್ರೇಮ್ ಇದ್ದ ಮಸುಕು ಚಿತ್ರ ಒಮ್ಮೆ ಮಿಂಚಿ ಮಾಯ. ಮೊದಲು ಪಾತ್ರಗಳ ಚಿತ್ರ ಮುಚ್ಚಿ, ಪೆಟ್ಟಿಗೆಗಳನ್ನು ಮಾತ್ರ ತೋರಿಸಿ ಇಬ್ಬರನ್ನು ಹತ್ತು ಸುತ್ತು ಆಡಿಸಿ. ಬರೀ ಕೆಂಪು ನೀಲಿ ಆಯತಗಳ ಜಗಳವೇ ಅವರಿಗೆ ರುಚಿಸದಿದ್ದರೆ ಬಣ್ಣ ತುಂಬುವ ಕೆಲಸ ನಿಲ್ಲಿಸಿ, ಮೇಲಿನ 4, 3, 8ಕ್ಕೆ ಹಿಂತಿರುಗಿ.