ಬೇಕಿಂಗ್ ಪೇಪರ್ ಪೊಟ್ಟಣದಲ್ಲಿ ಮೀನು, ತರಕಾರಿ

ಮೊದಲು ಪೇಪರ್ ವಿಷಯ. ಬಟರ್ ಪೇಪರ್ ಅಂತ ಮಾರುವುದೆಲ್ಲಾ ಓವನ್‌ಗೆ ಆಗಲ್ಲ. ಮೇಣ ಸವರಿದ್ದಾದರೆ ಕರಗಿ ಮೀನಿಗೆ ಹತ್ತುತ್ತೆ. ಎಷ್ಟು ಡಿಗ್ರಿ ತಡೆಯುತ್ತೆ ಅಂತ ಡಬ್ಬದ ಮೇಲೆ ಇರೋದನ್ನೇ ತಗೊಳ್ಳಿ.

ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬರುವ ಅಂಜಲ್ ಮೀನು ಇದಕ್ಕೆ ಚೆನ್ನ. 2 ಸೆಂ.ಮೀ. ದಪ್ಪಕ್ಕೆ ಕೊಯ್ಸಿ. ಕಾಟ್ಲಾನೂ ಆಗುತ್ತೆ, ಮುಳ್ಳು ನೋಡ್ಕೊಂಡು ತಿನ್ನಬೇಕು ಅಷ್ಟೇ. 150 ಗ್ರಾಂ ತುಂಡಿಗೆ ಕಾಲು ಚಮಚ ಉಪ್ಪು, ಅರ್ಧ ಚಮಚ ಕುಟ್ಟಿದ ಕಾಳುಮೆಣಸು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ. ಮಸಾಲೆಗೆ ಮುಂಚೆ ಬಟ್ಟೆಯಲ್ಲಿ ಒತ್ತಿ ನೀರು ತೆಗೀರಿ, ಇಲ್ಲದಿದ್ರೆ ಒಳಗೆ ಸಾರಾಗುತ್ತೆ.

ಹೆಚ್ಚಿನವರು ಎಡವೋದು ತರಕಾರಿಯಲ್ಲಿ. ಮೀನು ಬೆಂದರೂ ಆಲೂಗಡ್ಡೆ ಕಟುಕಟು ಅನ್ನುತ್ತೆ; ಬಿಲ್ಲೆ ಮಾಡಿ 5 ನಿಮಿಷ ಕುದಿಸಿಕೊಳ್ಳಿ. ಕ್ಯಾರೆಟ್, ಬೀನ್ಸ್ ಕಡ್ಡಿಯಷ್ಟು ತೆಳ್ಳಗಿರಲಿ. ಟೊಮೆಟೊ ಬೀಜ ತೆಗೆದು ಹಾಕಿ. ತರಕಾರಿ ಕೆಳಗೆ, ಮೀನು ಮೇಲೆ, ಅದರ ಮೇಲೊಂದು ಬಿಲ್ಲೆ ನಿಂಬೆ.

40 ಸೆಂ.ಮೀ. ಉದ್ದದ ಪೇಪರ್‌ನ ಅರ್ಧದ ಮೇಲೆ ಇದನ್ನೆಲ್ಲಾ ಜೋಡಿಸಿ, ಉಳಿದರ್ಧ ಮೇಲೆ ಮಡಚಿ, ಒಂದು ತುದಿಯಿಂದ ಕರ್ಜಿಕಾಯಿ ಅಂಚು ಮಡಚಿದ ಹಾಗೇ ಒಂದರ ಮೇಲೊಂದು ಬರುವಂತೆ ಒತ್ತುತ್ತಾ ಹೋಗಿ, ಕೊನೆಯ ತುದಿ ತಿರುಚಿ. ಹಬೆ ಸೋರಿದರೆ ಮೀನು ನಾರಾಗುತ್ತೆ. ಒಳಗೆ ಸ್ವಲ್ಪ ಜಾಗ ಇರಲಿ, ಪೊಟ್ಟಣ ಪೂರಿಯಂತೆ ಉಬ್ಬಬೇಕು.

ಮೊದಲೇ ಕಾಯಿಸಿದ ಓವನ್, 200 ಡಿಗ್ರಿ, 15ರಿಂದ 18 ನಿಮಿಷ. ಓಟಿಜಿ (ಮೇಲೆ ಕೆಳಗೆ ಕಾಯಿಲ್ ಇರುವ ಚಿಕ್ಕ ಓವನ್) ಆದರೆ ಕೆಳಗಿನ ಹಂತದಲ್ಲಿಡಿ. ಮೇಲಿನ ಕಾಯಿಲ್‌ಗೆ ತಾಗಿದರೆ ಪೇಪರ್ ಹೊತ್ತಿಕೊಳ್ಳುತ್ತೆ. ಬಿಚ್ಚುವಾಗ ಮುಖ ದೂರ ಇಟ್ಕೊಳ್ಳಿ, ಹಬೆ ಜೋರಾಗಿ ಬರುತ್ತೆ.