ತುಂಗನಾಥಕ್ಕೆ ಹೋದಾಗ ಪಿಕಾ ನೋಡೋದು ಹೇಗೆ, ನೋಡಿದ್ದನ್ನ ಬರೆದಿಡೋದು ಹೇಗೆ

ನಮ್ಮ ಕಡೆಯಿಂದ ಉತ್ತರಾಖಂಡದ ಹಿಮಾಲಯದಲ್ಲಿರೋ ತುಂಗನಾಥ ಅನ್ನೋ ಶಿವನ ದೇವಸ್ಥಾನಕ್ಕೆ ಹೋಗೋರು ಈಗ ಸುಮಾರು ಜನ ಇದಾರೆ, ಕೇದಾರ ಮುಗಿಸ್ಕೊಂಡು ಹಂಗೇ ಬರೋರು, ಅದರ ಮೇಲಿನ ಚಂದ್ರಶಿಲಾ ತುದಿಗೆ ಟ್ರೆಕ್ ಅಂತಾನೇ ಹೋಗೋರು, ಹತ್ತೋ ದಾರಿ ಶುರುವಾಗೋ ಚೋಪ್ತಾದಲ್ಲಿ ಬೆಳಗಿನ ಜಾವ ಟಾರ್ಚ್ ಹಿಡ್ಕೊಂಡು ನಿಂತ್ರೆ ಎಲ್ಲಾದ್ರೂ ಒಂದು ಕಡೆಯಿಂದ ಕನ್ನಡ ಕಿವಿಗೆ ಬಿದ್ದೇ ಬೀಳತ್ತೆ. ಆದ್ರೆ ಆ ದಾರಿ ಪಕ್ಕದ ಕಲ್ಲುರಾಶಿ ಒಳಗೆ ಸಂಸಾರ ಮಾಡ್ಕೊಂಡಿರೋ ಒಂದು ಪುಟ್ಟ ಪ್ರಾಣಿನ ನೋಡ್ದೇನೇ ವಾಪಸ್ ಬಂದುಬಿಡ್ತೀವಿ. ಅದರ ಹೆಸರು ಪಿಕಾ. ಅಲ್ಲಿರೋದು ರಾಯ್ಲ್ಸ್ ಪಿಕಾ ಅನ್ನೋ ಜಾತಿ. ಮುಂದಿನ ಸಲ ಹೋಗೋರು ಒಂದು ಬೆಳಿಗ್ಗೆ ಇದಕ್ಕೆ ಅಂತ ಎತ್ತಿಡ್ಲಿ ಅಂತ ಇದನ್ನ ಬರೀತಾ ಇದೀನಿ.

ನಾನೂ ಮೊದಲ ಸಲ ಹೋದಾಗ ನೋಡಿರ್ಲಿಲ್ಲ. ಎರಡನೇ ಸಲ ಅಮ್ಮನ ಜೊತೆ ಹೋಗಿದ್ದೆ, ಅವತ್ತು ನೋಡ್ಲೇಬೇಕು ಅಂತ ಕ್ಯಾಮೆರಾ ಹಿಡ್ಕೊಂಡು ಕಲ್ಲಿಂದ ಕಲ್ಲಿಗೆ ಹತ್ತಿ ಇಳಿದು ಹುಡುಕಿದ್ದೇ ಹುಡುಕಿದ್ದು, ಒಂದು ಗಂಟೆ ಆದ್ರೂ ಏನೂ ಕಾಣ್ಲಿಲ್ಲ. ಅಮ್ಮ ಮಂಡಿನೋವು ಅಂತ ದಾರಿ ಅಂಚಲ್ಲಿ ಶಾಲು ಹೊದ್ಕೊಂಡು ಸುಮ್ನೆ ಕೂತಿದ್ರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕೈಸನ್ನೆ ಮಾಡಿ ಕರೆದು, "ಲೋ, ಸದ್ದು ಮಾಡ್ಬೇಡ, ಅಲ್ನೋಡು, ಬಾಲಾನೇ ಇಲ್ದಿರೋ ಇಲಿ" ಅಂದ್ರು. ಮೂರು ಮಾರು ದೂರದಲ್ಲಿ ಕಲ್ಲಿನ ತುದಿ ಮೇಲೆ ಕೂತಿತ್ತು, ಬಾಯಲ್ಲಿ ಅಡ್ಡಡ್ಡ ಒಂದು ಎಲೆ ಕಚ್ಕೊಂಡು, ಮೀಸೆ ಅಲ್ಲಾಡಿಸ್ತಾ. ನನ್ನ ನೆರಳು ಬಿದ್ದ ತಕ್ಷಣ ಮಾಯ. ಅವತ್ತು ಅಮ್ಮನ್ನ ನೋಡಿ ಕಲಿತಿದ್ದೇ ಇಡೀ ವಿಧಾನ: ಹುಡುಕ್ಬಾರ್ದು, ಕೂತ್ಕೋಬೇಕು.

ಮೊದ್ಲು ಅದು ಇಲಿ ಅಲ್ಲ ಅನ್ನೋದು ತಿಳ್ಕೊಳ್ಳಿ. ಮೊಲದ ಬಳಗಕ್ಕೆ ಸೇರಿದ್ದು. ಉದ್ದ ಒಂದು ಗೇಣೂ ಇರಲ್ಲ, ತೂಕ ಸುಮಾರು 130 ಗ್ರಾಂ, ಅಂದ್ರೆ ಒಂದು ಸಾಧಾರಣ ಸೇಬಿನಷ್ಟು. ಮೈ ಬೂದು, ತಲೆ ಭುಜದ ಹತ್ರ ಕೆಂಪು ಮಿಶ್ರಿತ ಕಂದು, ಕಿವಿ ದುಂಡಗೆ, ಬಾಲ ಹೊರಗೆ ಕಾಣೋದೇ ಇಲ್ಲ. ಬಾಲ ಕಂಡ್ರೆ ಅದು ಪಿಕಾ ಅಲ್ಲ, ಅಷ್ಟೇ ಗುರುತು ಸಾಕು. ಅಮೆರಿಕದ ಪಿಕಾ ವಿಡಿಯೋ ನೋಡಿದೋರು ಅದು ಕೀಂ ಅಂತ ಕೂಗತ್ತೆ, ಕೂಗು ಕೇಳಿ ಹುಡುಕ್ಬೋದು ಅನ್ಕೊಂಡಿರ್ತಾರೆ, ಆದ್ರೆ ನಮ್ಮ ಹಿಮಾಲಯದ ಈ ಪಿಕಾ ಅಷ್ಟಾಗಿ ಕೂಗಲ್ಲ, ಆದ್ರಿಂದ ಕಿವಿ ನಂಬಿ ಹೋಗ್ಬೇಡಿ, ಕಣ್ಣೇ ಗತಿ.

ಇನ್ನು ಜಾಗ. ಚೋಪ್ತಾ ಇರೋದು ಸುಮಾರು 2,700 ಮೀಟರ್ ಎತ್ತರದಲ್ಲಿ, ಅಲ್ಲಿಂದ ಮೂರೂವರೆ ನಾಲ್ಕು ಕಿಲೋಮೀಟರ್ ಕಲ್ಲುಹಾಸಿನ ದಾರಿ ಹತ್ತಿದ್ರೆ ತುಂಗನಾಥ, ಸುಮಾರು 3,680 ಮೀಟರ್, ಇನ್ನೂ ಮೇಲಕ್ಕೆ ಹೋದ್ರೆ ಚಂದ್ರಶಿಲಾ. ನಮ್ಮ ಮುಳ್ಳಯ್ಯನಗಿರಿ 1,930 ಅಂತ ನೆನಪಿಟ್ಕೊಂಡ್ರೆ ಆ ಎತ್ತರದ ಅಂದಾಜು ಸಿಗತ್ತೆ. ಹೃಷಿಕೇಶದಿಂದ ರುದ್ರಪ್ರಯಾಗ, ಊಖೀಮಠ ಮೇಲೆ ಚೋಪ್ತಾ ಸೇರೋಷ್ಟರಲ್ಲಿ ಹೆಚ್ಚುಕಡಿಮೆ ಇಡೀ ದಿನ ಹೋಗತ್ತೆ, ಬಂದ ದಿನಾನೇ ಮೇಲೆ ಓಡ್ಬೇಡಿ, ಒಂದು ರಾತ್ರಿ ಮಲಗಿ ಮೈ ಒಗ್ಗಿಸ್ಕೊಳ್ಳಿ, ತಲೆನೋವಲ್ಲಿ ಕೂತು ಯಾವ ಪ್ರಾಣೀನೂ ನೋಡಕ್ಕಾಗಲ್ಲ. ಈ ಸುತ್ತಲ ಕಾಡು ಕೇದಾರನಾಥ ವನ್ಯಧಾಮಕ್ಕೆ ಸೇರಿದ್ದು.

ದೇವಸ್ಥಾನ ತೆರೆದಿರೋದು ಏಪ್ರಿಲ್ ಕೊನೆ ಇಲ್ಲ ಮೇ ಇಂದ ದೀಪಾವಳಿ ಆಸುಪಾಸಿನವರೆಗೆ, ಆಮೇಲೆ ಚಳಿಗಾಲಕ್ಕೆ ಅಂತ ದೇವರನ್ನ ಕೆಳಗಿನ ಮಕ್ಕೂಮಠ ಅನ್ನೋ ಊರಿಗೆ ಕರ್ಕೊಂಡು ಹೋಗ್ತಾರೆ. ಪಿಕಾ ನೋಡಕ್ಕೆ ಮೇ, ಜೂನ್ ಮೊದಲ ವಾರಗಳು, ಇಲ್ಲಾಂದ್ರೆ ಮಳೆ ಕಳೆದ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೇದು. ಜುಲೈ ಆಗಸ್ಟಲ್ಲಿ ರಸ್ತೆ ಮೇಲೆ ಗುಡ್ಡ ಕುಸಿಯೋ ಭಯ, ಬೇಡ.

ಹೊತ್ತು ಬಹಳ ಮುಖ್ಯ. ಪಿಕಾ ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಹೊರಗೆ ಬರತ್ತೆ, ಬಿಸಿಲೇರಿದಾಗ ಕಲ್ಲಿನ ಒಳಗೆ ಸೇರ್ಕೊಳತ್ತೆ. ಹನ್ನೊಂದರಿಂದ ಮೂರರವರೆಗೆ ಕಾದು ಕೂತ್ರೆ ದಂಡ. ನಾವೆಲ್ಲ ಸೂರ್ಯೋದಯ ನೋಡಕ್ಕೆ ಅಂತ ಕತ್ತಲಲ್ಲೇ ಅವಸರವಾಗಿ ಹತ್ತಿ ಹೋಗ್ತೀವಲ್ಲ, ಇಳಿಯೋವಾಗ ಏಳು ಗಂಟೆ ಹೊತ್ತಿಗೆ ಅವಸರ ಬಿಡಿ, ಅದೇ ಅದರ ತಿಂಡಿ ಸಮಯ.

ಯಾವ ಕಲ್ಲುರಾಶಿ ಹತ್ರ ಕೂರ್ಬೇಕು? ಚೂರು ಚೂರು ಜಲ್ಲಿಕಲ್ಲು ಅಲ್ಲ, ಒಂದೊಂದು ಕಲ್ಲೂ ಗ್ಯಾಸ್ ಸಿಲಿಂಡರ್, ಟ್ರಂಕು ಗಾತ್ರದ್ದಿರ್ಬೇಕು, ನಡುವೆ ಮುಷ್ಟಿ ಹೋಗೋಷ್ಟು ಸಂದಿ ಇರ್ಬೇಕು, ಆ ಸಂದಿ ಆಳಕ್ಕೆ ಹೋಗಿರ್ಬೇಕು, ಪಕ್ಕದಲ್ಲೇ ಹಸಿರು ಇರ್ಬೇಕು. ಪಿಕಾ ಮೇಯಕ್ಕೆ ಅಂತ ಕಲ್ಲು ಬಿಟ್ಟು ದೂರ ಹೋಗಲ್ಲ, ಗಿಡುಗ ಬಂದ್ರೆ ಒಂದೇ ನೆಗೆತಕ್ಕೆ ಸಂದಿ ಸಿಗ್ಬೇಕು ಅದಕ್ಕೆ. ಕಲ್ಲಿನ ಅಂಚಲ್ಲಿ ಬಗ್ಗಿ ನೋಡಿ, ಎಲೆ ಕತ್ತರಿಸಿದ ಗುರುತು, ಅದಕ್ಕಿಂತ ಖಾತ್ರಿ ಅಂದ್ರೆ ಹಿಕ್ಕೆ. ದುಂಡಗೆ, ಪುಟ್ಟ ಪುಟ್ಟದು, ಸಣ್ಣ ಕಾಳುಮೆಣಸನ್ನ ಸಂದಿಯಲ್ಲಿ ಚೆಲ್ಲಿದ ಹಾಗೆ ಗುಂಪಾಗಿ ಬಿದ್ದಿರತ್ತೆ. ಇಲಿದಾದ್ರೆ ಉದ್ದುದ್ದ ಇರತ್ತೆ. ಮುಟ್ಬೇಡಿ, ಫೋಟೋ ತೆಗೀರಿ ಸಾಕು.

ಆ ಹಿಕ್ಕೆನ ಕಡೆಗಣಿಸ್ಬೇಡಿ, ಅದರಿಂದ ಬೆಂಗಳೂರಲ್ಲೇ ಎಷ್ಟು ಕೆಲಸ ಆಗಿದೆ ಗೊತ್ತಾ. ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ ಸಬುಜ್ ಭಟ್ಟಾಚಾರ್ಯ, ಫರಾ ಇಶ್ತಿಯಾಕ್ ಅವರೆಲ್ಲ ಸೇರಿ ಹಿಕ್ಕೆಯಲ್ಲಿರೋ ಡಿಎನ್‌ಎ ನೋಡಿ ರಾಯ್ಲ್ಸ್ ಪಿಕಾ ಯಾವ್ಯಾವ ಗಿಡ ತಿನ್ನತ್ತೆ ಅಂತ ಪತ್ತೆ ಮಾಡಿ 2019ರಲ್ಲಿ ಪ್ರಕಟಿಸಿದ್ರು, ಬೆಟ್ಟದ ಗಿಡಗಳು ಬದಲಾದ್ರೆ ಅದರ ಊಟಕ್ಕೆ ಪೆಟ್ಟು ಬೀಳತ್ತೆ ಅನ್ನೋ ಚಿಂತೆ ಅಲ್ಲಿಂದ ಬಂದಿದ್ದು. ಅದಕ್ಕೂ ಮುಂಚೆ 2016ರಲ್ಲಿ ಬೆಂಗಳೂರಿನದೇ ಇನ್ನೊಂದು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ನಿಶ್ಮಾ ದಹಾಲ್, ಉಮಾ ರಾಮಕೃಷ್ಣನ್ ಮತ್ತು ಜೊತೆಗಾರರು ಸಿಕ್ಕಿಂನಲ್ಲಿರೋ ಪಿಕಾ ಬೇರೆಯದೇ ಜಾತಿ ಅಂತ ತೋರಿಸಿದ್ರು, ಅದರ ಸುಳಿವೂ ಹಿಕ್ಕೆಯಿಂದಲೇ ಶುರುವಾಗಿದ್ದು. ಬಳ್ಳಾರಿ ರಸ್ತೆಯ ಕ್ಯಾಂಪಸ್ಸಲ್ಲಿ ಕೂತು ಹಿಮಾಲಯದ ಒಂದು ಜೀವ ಬೇರೆಯದೇ ಜಾತಿ ಅಂತ ಗುರುತಿಸಿದಾರೆ ಅನ್ನೋದು ನನಗಂತೂ ಬಹಳ ಹೆಮ್ಮೆಯ ವಿಷಯ.

ಜಾಗ ಸಿಕ್ಕಿತಾ, ಈಗ ಕೂರೋದು. ಕಲ್ಲುರಾಶಿ ಮೇಲೆ ಅಲ್ಲ, ಅದರಿಂದ ಎಂಟು ಹತ್ತು ಮೀಟರ್ ದೂರ, ದಾರಿ ಅಂಚಲ್ಲೇ ಕೂತ್ಕೊಳ್ಳಿ, ನಿಮ್ಮ ನೆರಳು ಕಲ್ಲಿನ ಮೇಲೆ ಬೀಳದ ಹಾಗೆ. ಬೆಚ್ಚಗೆ ಹೊದ್ಕೊಂಡೇ ಕೂರಿ, ಚಳಿಯಾಗಿ ಐದು ನಿಮಿಷಕ್ಕೆ ಎದ್ರೆ ಎಲ್ಲ ವ್ಯರ್ಥ. ನಲವತ್ತು ನಿಮಿಷ ಅಂತ ಲೆಕ್ಕ ಇಟ್ಕೊಳ್ಳಿ. ಮೊದಲ ಹತ್ತು ಹದಿನೈದು ನಿಮಿಷ ಏನೂ ಆಗಲ್ಲ, ನೀವು ಬಂದ ಗದ್ದಲ ಅದು ಮರೀಬೇಕು. ಆಮೇಲೆ ಕಲ್ಲಿನ ನೆರಳಲ್ಲಿ ಏನೋ ಒಂದು ಚೂರು ಸರಿದ ಹಾಗೆ ಆಗತ್ತೆ, ಕಣ್ಣು ಅಲ್ಲೇ ನೆಡಿ, ಅದೇ ಸಂದಿಯಿಂದ ಮತ್ತೆ ಬರತ್ತೆ. ಬೈನಾಕ್ಯುಲರ್ ಇದ್ರೆ ಚೆನ್ನ, ಇಲ್ದಿದ್ರೆ ಫೋನ್ ಝೂಮ್ ಸಾಕು, ಮೊದಲೇ ತೆಗೆದು ಮೊಣಕಾಲ ಮೇಲೆ ಇಟ್ಕೊಂಡಿರಿ, ಅದು ಬಂದ ಮೇಲೆ ಜೇಬಿಗೆ ಕೈ ಹಾಕಿದ್ರೆ ಮುಗೀತು. ಕೂಗು ರೆಕಾರ್ಡ್ ಪ್ಲೇ ಮಾಡಿ ಕರೆಯೋದು, ಕಲ್ಲು ತಟ್ಟೋದು, ಬಿಸ್ಕತ್ತು ಎಸೆಯೋದು ದಯವಿಟ್ಟು ಬೇಡ.

ಕಾಯ್ತಾ ಇರೋವಾಗ ಒಂದು ಕೆಲಸ ಮಾಡಿ. ದಾರಿ ಪಕ್ಕದಲ್ಲೇ ಒಂದು ಆಳದ ಸಂದಿ ಸಿಕ್ಕಿದ್ರೆ ಅದರ ಬಾಯಿಗೆ ಅಂಗೈ ಒಡ್ಡಿ, ಒಳಗೆ ಹಾಕ್ಬೇಡಿ, ಹೊರಗೇ ಹಿಡೀರಿ. ಬಿಸಿಲು ಬಂದ ಮೇಲೂ ಒಳಗಿಂದ ತಣ್ಣಗೆ ಬರತ್ತೆ, ಬೇಸಿಗೆಯಲ್ಲಿ ಮಣ್ಣಿನ ಹೂಜಿ ಪಕ್ಕ ಕೈ ಇಟ್ಟ ಹಾಗೆ. ಆ ತಂಪೇ ಪಿಕಾದ ಮನೆ. ಪಿಕಾ ಮೈಗೆ ಸೆಖೆ ತಡ್ಕೊಳ್ಳೋ ಶಕ್ತಿ ಬಹಳ ಕಮ್ಮಿ. ಅಮೆರಿಕದ ಪಿಕಾ ಮೇಲೆ 1970ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಗೊತ್ತಾಗಿದ್ದು ಏನು ಅಂದ್ರೆ, ಅದರ ಮೈ ಬಿಸಿ ಯಾವಾಗ್ಲೂ 40 ಡಿಗ್ರಿ ಆಸುಪಾಸು ಇರತ್ತೆ, ಇನ್ನು ಮೂರು ಡಿಗ್ರಿ ಏರಿದ್ರೆ ಸಾವು, ಕಲ್ಲಿನ ಒಳಗೆ ಹೋಗಕ್ಕೆ ಬಿಡದೆ ಬಯಲಲ್ಲಿ ಕೂಡಿಟ್ರೆ 25.5 ಡಿಗ್ರಿಯಲ್ಲೇ ಕೆಲವು ಗಂಟೆಯಲ್ಲಿ ಸತ್ತು ಹೋಗ್ಬೋದು. 25.5 ಅಂದ್ರೆ ಬೆಂಗಳೂರಲ್ಲಿ ನಾವು ಆಹಾ ಎಂಥ ವೆದರ್ ಅನ್ನೋ ದಿನ. ನಮ್ಮ ರಾಯ್ಲ್ಸ್ ಪಿಕಾ ಕೂಡ ಮಧ್ಯಾಹ್ನ ಹೊರಗೆ ಬರ್ದೇ ಇರೋದು ಇದೇ ಕಾರಣಕ್ಕೆ. ಬಿಸಿಲಿನ ಹೊತ್ತು ಉದ್ದ ಆದಷ್ಟೂ ಮೇಯೋ ಹೊತ್ತು ಕಮ್ಮಿ ಆಗತ್ತೆ.

ಚಳಿಗಾಲದ್ದು ಇನ್ನೊಂದು ಕಷ್ಟ. ಪಿಕಾ ಕರಡಿ ಥರ ನಿದ್ದೆಗೆ ಜಾರಲ್ಲ, ಇಡೀ ಚಳಿಗಾಲ ಎಚ್ಚರ ಇರತ್ತೆ, ಮೇಲೆ ಬಿದ್ದ ಹಿಮಾನೇ ಅದಕ್ಕೆ ಕಂಬಳಿ. ಹಿಮ ಕಮ್ಮಿ ಬಿದ್ರೆ, ಬೇಗ ಕರಗಿದ್ರೆ, ಕೊರೆಯೋ ಗಾಳಿ ನೇರ ಸಂದಿ ಒಳಗೆ ನುಗ್ಗತ್ತೆ. ಅಂದ್ರೆ ಭೂಮಿ ಬಿಸಿಯಾದ್ರೆ ಬೇಸಿಗೆಯಲ್ಲಿ ಸೆಖೆಗೂ ಚಳಿಗಾಲದಲ್ಲಿ ಚಳಿಗೂ ಎರಡಕ್ಕೂ ಸಿಕ್ಕಿ ಒದ್ದಾಡೋದು ಇದೇ. ಮೇಲಕ್ಕೆ ಹೋಗ್ಲಿ ಅಂದ್ರೆ ಚಂದ್ರಶಿಲಾ ತುದಿ ಆದ್ಮೇಲೆ ಎಲ್ಲಿಗೆ ಹೋಗತ್ತೆ? ಪಕ್ಕದ ಬೆಟ್ಟಕ್ಕೆ ಹೋಗ್ಬೇಕಾದ್ರೆ ಬಿಸಿ ಕಣಿವೆಗೆ ಇಳಿದು ಹತ್ಬೇಕು, ಅಂಗೈಯಷ್ಟು ಪ್ರಾಣಿಗೆ ಅದು ಆಗೋ ಮಾತಲ್ಲ.

ಜನವರಿ ಫೆಬ್ರವರಿಯಲ್ಲಿ ಸ್ನೋ ಟ್ರೆಕ್ ಹೋಗೋರಿಗೆ ಅದಕ್ಕೇ ಹೇಳೋದು, ಹಿಮದ ಕೆಳಗೆ ಅದು ಎದ್ದೇ ಇದೆ, ದಾರಿ ಬಿಟ್ಟು ಕಲ್ಲುರಾಶಿ ಮೇಲಿನ ಹಿಮದಲ್ಲಿ ಜಾರ್ಬೇಡಿ ಕುಣೀಬೇಡಿ, ತುಳಿದು ಗಟ್ಟಿಯಾದ ಹಿಮ ಸಡಿಲ ಹಿಮದಷ್ಟು ಬೆಚ್ಚಗಿಡಲ್ಲ.

ಇನ್ನೊಂದು, ಇದನ್ನ ಹೇಳಕ್ಕೆ ಸ್ವಲ್ಪ ಸಂಕೋಚ, ಯಾಕಂದ್ರೆ ಭಕ್ತಿಯ ವಿಷಯ. ನಮ್ಮ ಕಡೆ ಬೆಟ್ಟದ ದೇವಸ್ಥಾನಗಳಲ್ಲಿ ಸ್ವಂತ ಮನೆ ಆಗ್ಲಿ ಅಂತ ಬೇಡ್ಕೊಂಡು ಕಲ್ಲಿನ ಮೇಲೆ ಕಲ್ಲು ಜೋಡಿಸ್ತೀವಲ್ಲ, ಅಲ್ಲೂ ಹಂಗೇ ಜೋಡಿಸೋರು ಇದಾರೆ. ಅಮ್ಮನೂ ಒಂದು ಕಲ್ಲು ಎತ್ತಕ್ಕೆ ಹೋಗಿದ್ರು. ಕೆಳಗೆ ಸಂದಿ, ಸಂದಿ ಬಾಯಲ್ಲಿ ಹಸಿ ಎಲೆ ಚೂರು. ನೋಡಿದ ತಕ್ಷಣ ಕಲ್ಲನ್ನ ಹೆಂಗಿತ್ತೋ ಹಂಗೇ ಇಟ್ಟು, "ಇದು ಅದರ ಮನೆ ಬಾಗ್ಲು ಕಣೋ" ಅಂದು ಬರೀ ಕೈ ಮುಗಿದು ಬಂದ್ರು. ರಾಶಿಯಿಂದ ಕಲ್ಲು ಕಿತ್ರೆ ಒಳಗಿನ ತಂಪು ಕೆಡತ್ತೆ, ಸಂದಿ ಮುಚ್ಚತ್ತೆ ಇಲ್ಲಾ ಅಗಲ ಆಗಿ ಬೇಟೆಯಾಡೋ ಪ್ರಾಣಿ ಒಳಗೆ ನುಗ್ಗತ್ತೆ.

ಹಾಗೇ ಚೋಪ್ತಾದಿಂದ ನಾಯಿಗಳು ಬಿಸ್ಕತ್ತಿನ ಆಸೆಗೆ ಹಿಂದೇನೇ ಬರ್ತಾವೆ. ಪಾಪ ಅನ್ಸತ್ತೆ, ನಾನೂ ಹಾಕಿದೀನಿ, ಈಗ ಹಾಕಲ್ಲ, ಮೇಲೆ ಬಂದ ನಾಯಿ ಕಲ್ಲು ಸಂದಿ ಮೂಸ್ತಾ ಓಡಾಡತ್ತೆ, ಒಂದು ಪಿಕಾನೂ ಹೊರಗೆ ಬರಲ್ಲ, ಬಂದಿದ್ದು ಉಳಿಯಲ್ಲ. ಮ್ಯಾಗಿ ತಿಂದ ಪ್ಲೇಟು ಕವರು ಕೆಳಗೆ ತನ್ನಿ ಅಂತ ಬೇರೆ ಹೇಳ್ಬೇಕಾಗಿಲ್ಲ.

ಕೊನೆಗೆ ಬರೆದಿಡೋದು. ರಾಯ್ಲ್ಸ್ ಪಿಕಾ, ಯಾವ ಜೀವಿ ಅಳಿವಿಗೆ ಎಷ್ಟು ಹತ್ರ ಇದೆ ಅಂತ ಹೇಳೋ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸದ್ಯಕ್ಕೆ ಅಪಾಯ ಕಮ್ಮಿ ಅನ್ನೋ ವರ್ಗದಲ್ಲೇ ಇದೆ, ಅದಕ್ಕೇ ಯಾರೂ ಅಷ್ಟು ತಲೆ ಕೆಡಿಸ್ಕೊಳಲ್ಲ. ಆದ್ರೆ ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಹತ್ರ 165 ಚದರ ಕಿಲೋಮೀಟರ್ ಜಾಗದಿಂದ ಅಲ್ಲಿನ ಪಿಕಾ ಪೂರ್ತಿ ಹೋಗಿಬಿಟ್ಟಿದೆ ಅಂತ 2017ರಲ್ಲಿ ಗೊತ್ತಾಗಿದ್ದು ಹೇಗೆ? ಹಿಂದೆ ಇಲ್ಲಿತ್ತು ಅನ್ನೋಕೆ ಹಳೇ ದಾಖಲೆ ಇತ್ತು, ಕಲ್ಲಿನಡಿ ಹಳೇ ಹಿಕ್ಕೆ ಇತ್ತು. ದಾಖಲೆ ಇಲ್ದೇ ಇದ್ರೆ ಹೋದದ್ದೂ ಗೊತ್ತಾಗ್ತಿರ್ಲಿಲ್ಲ.

ಹೋಗೋ ಮುಂಚೆ ಫೋನಲ್ಲಿ ಐನ್ಯಾಚುರಲಿಸ್ಟ್ ಅಂತ, ನೋಡಿದ ಪ್ರಾಣಿ ಗಿಡದ ಫೋಟೋ ದಾಖಲಿಸೋ ಆಪ್ ಹಾಕ್ಕೊಂಡು ಅಕೌಂಟ್ ಮಾಡಿಟ್ಕೊಳ್ಳಿ, ಅದೇ ಥರದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನೋ ವೆಬ್‌ಸೈಟಿಗೂ ಹಾಕ್ಬೋದು. ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಆನ್ ಇರ್ಲಿ, ಮೇಲೆ ನೆಟ್‌ವರ್ಕ್ ನಂಬ್ಕೋಬೇಡಿ, ಫೋಟೋ ತೆಗೆದಿಟ್ಟು ಊಖೀಮಠಕ್ಕೆ ಇಳಿದ ಮೇಲೆ ಅಪ್‌ಲೋಡ್ ಮಾಡಿದ್ರೂ ಜಾಗ, ಟೈಮು ಅದರೊಳಗೇ ಇರತ್ತೆ. ವಾಟ್ಸಾಪಲ್ಲಿ ಬಂದ ಫೋಟೋ ಹಾಕ್ಬೇಡಿ, ಅದರಲ್ಲಿ ಜಾಗದ ಮಾಹಿತಿ ಉಳಿದಿರಲ್ಲ. ಫೋಟೋ ಮಸುಕಾಗಿದ್ರೂ ಪರವಾಗಿಲ್ಲ, ಕಿವಿ ಮತ್ತು ಹಿಂಭಾಗ ಕಂಡ್ರೆ ಸಾಕು. ಪಿಕಾ ಸಿಗ್ದೇ ಹಿಕ್ಕೆ ಮಾತ್ರ ಸಿಕ್ರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀರಿ, ನಾಣ್ಯ ವಾಪಸ್ ತಗೊಳ್ಳಿ.

ಜೊತೆಗೆ ನೋಟ್ಸ್ ಅನ್ನೋ ಜಾಗದಲ್ಲಿ ನಾಲ್ಕು ಸಾಲು ಬರೀರಿ, ಎಷ್ಟು ಹೊತ್ತು ಕೂತ್ರಿ, ಬಿಸಿಲಾ ಮೋಡಾನಾ, ಏನು ಮಾಡ್ತಿತ್ತು, ನಾಯಿ ಇತ್ತಾ. ಏನೂ ಕಾಣ್ದೇ ಇದ್ರೂ ಡೈರಿಯಲ್ಲಿ ಸೊನ್ನೆ ಅಂತ ಬರೀರಿ, ಜಾಗದ ಗುರುತು ಹಾಕಿ, ಮತ್ತೆ ಹೋದಾಗ ಅದೇ ಕಲ್ಲುರಾಶಿ ಎದುರು ಅಷ್ಟೇ ಹೊತ್ತು ಕೂರಿ. ಅಮ್ಮನ ಜೊತೆ ಕೂತ ದಿನದ್ದು ನನ್ನ ಡೈರಿಯಲ್ಲಿ ಹೀಗಿದೆ: ಜೂನ್ 3, ಬೆಳಿಗ್ಗೆ 7.10ರಿಂದ 7.50, ದೇವಸ್ಥಾನಕ್ಕಿಂತ ಸ್ವಲ್ಪ ಕೆಳಗೆ, ಬಲಗಡೆ ರಾಶಿ, ತೆಳು ಮೋಡ, ನಾಯಿ ಇಲ್ಲ, ಒಂದೇ ಪಿಕಾ ಮೂರು ಸಲ ಹೊರಗೆ, ಎರಡು ಸಲ ಬಾಯಲ್ಲಿ ಎಲೆ, ಮೊದಲು ಕಂಡಿದ್ದು ಅಮ್ಮನಿಗೆ.