‘ಸಿನ್ಸ್’ ಬಂದಾಗ: ಕಾಲವೋ, ಕಾರಣವೋ?

ಇಂಗ್ಲಿಷಿನ ‘ಸಿನ್ಸ್’ (since) ಪದಕ್ಕೆ ಎರಡು ಅರ್ಥ: ‘ಆಗಿನಿಂದ’ ಎಂಬ ಕಾಲ, ‘ಆದ್ದರಿಂದ’ ಎಂಬ ಕಾರಣ. ಅನುವಾದಕ್ಕೆ ಕೂತಾಗ ಅದು ಎದುರಾದರೆ ನಾನು ಮೊದಲು ನೋಡುವುದು ಮುಖ್ಯ ವಾಕ್ಯದ ಕ್ರಿಯಾಪದ. ಅಲ್ಲಿ ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಇದ್ದರೆ ಬಹುಪಾಲು ಕಾಲದ ಅರ್ಥ. ಬರೀ ವರ್ತಮಾನವೋ ಆಜ್ಞೆಯೋ ಇದ್ದರೆ ಸಾಮಾನ್ಯವಾಗಿ ಕಾರಣ.

‘ಸಿನ್ಸ್ ಯು ಆರ್ ಹಿಯರ್, ಹೆಲ್ಪ್ ಮಿ.’ ಇದನ್ನು ‘ನೀನು ಇಲ್ಲಿರುವುದರಿಂದ ನನಗೆ ಸಹಾಯ ಮಾಡು’ ಎಂದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಹಾಗೆ ಯಾರು ಮಾತಾಡುತ್ತಾರೆ? ‘ಹೇಗೂ ಬಂದಿದ್ದೀಯಲ್ಲ, ಸ್ವಲ್ಪ ಕೈ ಹಚ್ಚು’ ಎಂದು ಬರೆಯುತ್ತೇನೆ. ‘ಸಿನ್ಸ್’ ಮುಂದಿಡುವುದು ಸಾಮಾನ್ಯವಾಗಿ ಕೇಳುವವರಿಗೆ ಮೊದಲೇ ಗೊತ್ತಿರುವ ಕಾರಣವನ್ನು. ನಮ್ಮ ‘ಹೇಗೂ’, ‘ಬಂದಿದ್ದೀಯಲ್ಲ’ದ ಕೊನೆಯ ‘ಅಲ್ಲ’ ಮಾಡುವುದೂ ಅದನ್ನೇ. ಹೊಸದಾಗಿ ತಿಳಿಸುವ ಕಾರಣಕ್ಕೆ ‘ಬಿಕಾಸ್’ ಬೇಕು. ‘ವೈ?’ ಎಂದು ಕೇಳಿದವರಿಗೆ ‘ಸಿನ್ಸ್...’ ಎಂದು ಉತ್ತರ ಶುರುಮಾಡಿದರೆ ಎಡವಟ್ಟಾಗಿ ಕೇಳಿಸುವುದು ಇದೇ ಕಾರಣಕ್ಕೆ.

ತಲೆನೋವಿನ ವಾಕ್ಯ ಇಂಥದು: ‘ಸಿನ್ಸ್ ಶಿ ಲೆಫ್ಟ್, ವಿ ಹ್ಯಾವ್ ಬೀನ್ ಬಿಜಿ.’ ಹೋದಾಗಿನಿಂದಲೋ, ಹೋದದ್ದರಿಂದಲೋ? ಹಿಂದುಮುಂದಿನ ವಾಕ್ಯಗಳೂ ಬಿಡಿಸಿ ಹೇಳದಿದ್ದರೆ ‘ಅವಳು ಹೋದ ಮೇಲೆ ನಮಗೆ ಪುರುಸೊತ್ತೇ ಇಲ್ಲ’ ಎನ್ನುತ್ತೇನೆ. ‘ಮೇಲೆ’ಯಲ್ಲಿ ಎರಡೂ ಅರ್ಥಕ್ಕೆ ಜಾಗವಿದೆ (‘ಅವರೇ ಹೇಳಿದ ಮೇಲೆ ಇನ್ನೇನು!’). ನಾವೇ ಇಂಗ್ಲಿಷ್ ಬರೆಯುವುದಾದರೆ ಗೊಂದಲ ಉಳಿಸಬಾರದು: ಕಾಲಕ್ಕೆ ‘ಎವರ್ ಸಿನ್ಸ್’, ಕಾರಣಕ್ಕೆ ‘ಬಿಕಾಸ್’.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಕಾಲಿಗೆ ತೊಡರುವುದು ನಮ್ಮ ‘ಇಂದ’. ‘ಸೋಮವಾರದಿಂದ’ ಅಂದರೂ ‘ಐದು ವರ್ಷದಿಂದ’ ಅಂದರೂ ಪ್ರತ್ಯಯ ಒಂದೇ. ಹಾಗಾಗಿ ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯ ಸಲೀಸಾಗಿ ಹುಟ್ಟುತ್ತದೆ. ಇದರಲ್ಲಿ ತಪ್ಪು ಎರಡು. ಶುರುವಾದ ಗಳಿಗೆಗೆ (2019, ಸೋಮವಾರ, ಬೆಳಗ್ಗೆ) ‘ಸಿನ್ಸ್’. ಕಳೆದ ಅವಧಿಗೆ (ಐದು ವರ್ಷ, ಎರಡು ಗಂಟೆ) ‘ಫಾರ್’. ಜೊತೆಗೆ, ಹಿಂದೆ ಶುರುವಾಗಿ ಈಗಲೂ ನಡೆದಿರುವುದಕ್ಕೆ ಕನ್ನಡದಲ್ಲಿ ‘ಇದ್ದೇನೆ’ ಸಾಕು, ಇಂಗ್ಲಿಷಿಗೆ ‘ಹ್ಯಾವ್ ಬೀನ್’ ಬೇಕು. ಸರಿಯಾದದ್ದು: ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್.’

ಕ್ರಿಯಾಪದದ ಪರೀಕ್ಷೆ ಕೈಕೊಡುವ ಜಾಗವೂ ಇದೆ. ‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ಹಿ ಲೆಫ್ಟ್.’ ಇಲ್ಲಿರುವುದು ಬರೀ ‘ಈಸ್’, ಅರ್ಥ ಮಾತ್ರ ಕಾಲದ್ದೇ. ಇದಕ್ಕೆ ‘ಇಂದ’ವೇ ಬೇಡ: ‘ಅವನು ಹೋಗಿ ಐದು ವರ್ಷವಾಯಿತು.’

ಇನ್ನು, ಮುಂದೆ ಶುರುವಾಗುವುದಕ್ಕೆ ‘ಸಿನ್ಸ್’ ಸಲ್ಲದು. ‘ನಾಳೆಯಿಂದ ರಜೆ’ಗೂ, ಶುರು-ಕೊನೆ ಎರಡನ್ನೂ ಹೇಳುವ ‘ಬೆಳಗ್ಗೆಯಿಂದ ಸಂಜೆವರೆಗೆ’ಗೂ ‘ಫ್ರಮ್’ ಬರಬೇಕು.